ಎರಡೂ ಕಡೆಗೆ ಒಂದೇ ತಪ್ಪು

ತಪ್ಪು ಮಾಡುವುದಕ್ಕೂ ಒಂದು ಶಿಸ್ತು ಬೇಕೆಂದು ನನಗೆ ಹೇಳಿಕೊಟ್ಟವರು ಒಬ್ಬರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಹಾಕಿದ್ರಿ, ಸರಿ. ಹಾಗಾದ್ರೆ ಉಳಿದವರದ್ದು ಯಾಕೆ ಹಾಕ್ಲಿಲ್ಲ?" ಎಂದು ಅವರು ಖಂಡಿತ ಕೇಳುತ್ತಿದ್ದರು. ಅವರು ತೀರಿಕೊಂಡು ಈ ಮಳೆಗಾಲಕ್ಕೆ ಒಂದು ವರ್ಷವಾಗುತ್ತದೆ. ಕೇಳುವವರು ಇಲ್ಲವೆಂದು ಗೊತ್ತಿದ್ದರೂ ಬರೆದ ಹೆಸರನ್ನು ಮತ್ತೆ ಹೊಡೆದುಹಾಕುತ್ತೇನೆ.

ನಾವಿಬ್ಬರೂ ಮುಂಬಯಿ ಹೊರವಲಯದ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಅವರು ಸ್ಟೋರ್ಸ್, ನಾನು ಡಿಸ್ಪ್ಯಾಚ್. ಇಬ್ಬರ ಮನೆಯೂ ಡೊಂಬಿವಲಿಯಲ್ಲಿ. ಅವರು ಉಡುಪಿ ಕಡೆಯವರು, ನಾನು ಗದಗಿನ ಕಡೆಯವನು. ಅವರ ಕನ್ನಡ ನನಗೆ ಪುಸ್ತಕ ಓದಿದ ಹಾಗೆ ಕೇಳಿಸುತ್ತಿತ್ತು. ನನ್ನ ಕನ್ನಡ ಅವರಿಗೆ ಜಗಳ ತೆಗೆದ ಹಾಗೆ ಕೇಳಿಸುತ್ತಿತ್ತಂತೆ. ವಾರದ ಆರು ದಿನ ಅವರು ನಟ್ಟು ಬೋಲ್ಟು, ರಟ್ಟಿನ ಡಬ್ಬಿಗಳ ನಡುವೆ ಕೂತಿರುವ ಸಾಧು ಮನುಷ್ಯ. ಭಾನುವಾರ ಮಾತ್ರ ಮೊಣಕಾಲಿನ ತನಕ ಕಾಲುಚೀಲ ಏರಿಸಿ, ಕೈಯಲ್ಲಿ ಸೀಟಿ ಹಿಡಿದು, ರಗ್ಬಿ ಆಟದ ರೆಫ್ರಿ ಆಗುತ್ತಿದ್ದರು.

ರಗ್ಬಿ ಎಂದರೇನೆಂದು ನಮ್ಮ ಜನಕ್ಕೆ ಹೇಳುವುದು ಕಷ್ಟ. ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು, ಊರಿನಿಂದ ಬಂದ ನೆಂಟರಿಗೆ ಹೀಗೆ ವಿವರಿಸುತ್ತಿದ್ದರು: "ಮೊಟ್ಟೆ ಆಕಾರದ್ದೊಂದು ಚೆಂಡು ಉಂಟು. ಅದನ್ನು ಹಿಡ್ಕೊಂಡು ಮುಂದೆ ಓಡ್ಬೇಕು, ಆದ್ರೆ ಹಿಂದೆ ಇದ್ದವರಿಗೇ ಕೊಡ್ಬೇಕು. ಓಡುವವರನ್ನು ಬೇರೆಯವರು ಹಿಡ್ದು ಕೆಡವ್ತಾರೆ. ಬಿದ್ದ ಮೇಲೆ ಇವ್ರು ಸೀಟಿ ಊದ್ತಾರೆ. ಅಷ್ಟೇ." ಆಮೇಲೆ ನಾನು ಆ ಆಟದ ಬಗ್ಗೆ ಏನೇನೋ ಓದಿದೆ. ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ಉಡುಪಿಯವರಿಗೂ ರಗ್ಬಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನಾನು ಕೇಳಿದ್ದೆ. ಹರೆಯದಲ್ಲಿ ಅವರು ದಕ್ಷಿಣ ಮುಂಬಯಿಯ ಒಂದು ಕ್ಲಬ್ಬಿನಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಅಲ್ಲಿ ಓದಲಿಕ್ಕೆ ಸಿಗುತ್ತಿದ್ದದ್ದು ರಗ್ಬಿಯ ನಿಯಮ ಪುಸ್ತಕ ಒಂದೇ. ಅದನ್ನೇ ಮೂರು ಸಲ ಓದಿದರು. ಒಂದು ಮಳೆಗಾಲದ ಭಾನುವಾರ ಹಳಿ ಮೇಲೆ ನೀರು ನಿಂತು ರೆಫ್ರಿ ಕುರ್ಲಾದಲ್ಲಿ ಸಿಕ್ಕಿಬಿದ್ದ. ಪುಸ್ತಕ ಓದಿದವರು ಇಡೀ ಕ್ಲಬ್ಬಿನಲ್ಲಿ ಇವರೊಬ್ಬರೇ ಎಂದು ಗೊತ್ತಾಗಿ ಸೀಟಿ ಇವರ ಕೈಗೆ ಬಂತು.

"ಆಟ ಮುಗಿದ ಮೇಲೆ ಎರಡೂ ತಂಡದವರು ನನಗೆ ಸಮಾ ಬೈದ್ರು ಮಾರಾಯ್ರೆ," ಎಂದು ಅವರು ಸಂತೋಷದಿಂದ ಹೇಳುತ್ತಿದ್ದರು. "ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆ ಇಲ್ಲ. ಆಗ್ಲೇ ಗೊತ್ತಾಯ್ತು, ಈ ಕೆಲಸ ನನಗೆ ಬರ್ತದೆ ಅಂತ."

ಅವರ ಸಿದ್ಧಾಂತ ಇಷ್ಟೇ. ರೆಫ್ರಿ ಮನುಷ್ಯ, ತಪ್ಪು ಮಾಡಬಹುದು. ಆದರೆ ಎರಡೂ ಕಡೆಗೆ ಒಂದೇ ತಪ್ಪು ಮಾಡಬೇಕು. ಒಂದು ಕಡೆಗೆ ತಪ್ಪು, ಇನ್ನೊಂದು ಕಡೆಗೆ ಸರಿ ಮಾಡಿದರೆ ಅದು ಅನ್ಯಾಯ. ಮನೆಯಲ್ಲೂ ಇದೇ ಕಾನೂನು. ಒಂದು ಸಲ ನಾನು ತಿಂಡಿಗೆ ಹೋಗಿದ್ದಾಗ ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಅಕ್ಕ ನನ್ನ ತಟ್ಟೆಗೆಂದು ಬೇರೆ ಚಟ್ನಿ ಅರೆಯಲು ಹೊರಟರೆ ಇವರು ತಡೆದರು. "ನಾನು ಇದ್ರಲ್ಲೇ ಎರಡು ದೋಸೆ ತಿಂದಾಗಿದೆ. ಅವರಿಗೂ ಎರಡು ದೋಸೆ ಇದ್ರಲ್ಲೇ ಆಗ್ಲಿ. ಮೂರನೇದಕ್ಕೆ ಇಬ್ಬರಿಗೂ ಹೊಸದು ಮಾಡು." ನಾನು ಅವತ್ತು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಲೇ ಇದ್ದೆ.

ಲೋಕಲ್ ಗಾಡಿಯಲ್ಲಿ ನಮ್ಮದೊಂದು ಗುಂಪಿತ್ತು. ಡೊಂಬಿವಲಿಯಿಂದ ಕೂತು ಬಂದವರು ದಿವಾ ಸ್ಟೇಷನ್ ದಾಟಿದ ಕೂಡಲೇ ಏಳಬೇಕು, ನಿಂತವರು ಠಾಣೆಯವರೆಗೆ ಕೂರಬೇಕು. ಇದರ ಮೇಲ್ವಿಚಾರಣೆ ಯಾರೂ ಕೊಡದೆಯೇ ಇವರ ಪಾಲಿಗೆ ಬಂದಿತ್ತು. ಒಂದು ದಿನ ನಮ್ಮ ಆಫೀಸಿನ ಮ್ಯಾನೇಜರರೇ ಕೂತಿದ್ದರು. ದಿವಾ ಬಂದಾಗ ಕಾಲು ಉಳುಕಿದೆ ಎಂದರು.

"ಹತ್ತುವಾಗ್ಲೇ ಹೇಳ್ಬೇಕಿತ್ತು ಸರ್," ಅಂದರು ಇವರು, ಬಹಳ ವಿನಯದಿಂದ. "ಆಟ ಸುರು ಆದ ಮೇಲೆ ನಿಯಮ ಬದಲಾಗುದಿಲ್ಲ."

ಮ್ಯಾನೇಜರರು ಒಂದು ಕಾಲಿನಲ್ಲಿ ಠಾಣೆಯವರೆಗೆ ನಿಂತರು. ಮರುವಾರ ಇವರಿಗೇ ಜ್ವರ ಬಂದಿತ್ತು. ನಾವೆಲ್ಲ ಕೂರಿ ಕೂರಿ ಎಂದು ಗೋಗರೆದರೂ ಇವರು ದಿವಾದಲ್ಲಿ ಎದ್ದು ನಿಂತರು. ಆ ವರ್ಷ ಇವರಿಗೆ ಪ್ರಮೋಷನ್ ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನನ್ನು ಮೈದಾನಕ್ಕೆ ಎಳೆದದ್ದೂ ಅವರೇ. ಗೆರೆಯ ಪಕ್ಕ ಬಾವುಟ ಹಿಡಿದು ನಿಲ್ಲುವವರೊಬ್ಬರು ಬೇಕಿತ್ತು. ನನಗೆ ಆ ಆಟ ಗೊತ್ತಿಲ್ರಿ ಎಂದೆ. "ನೀವು ಡಿಸ್ಪ್ಯಾಚಿನವರು," ಅಂದರು. "ಮಾಲು ಗೇಟಿನಿಂದ ಹೊರಗೆ ಹೋಯ್ತಾ, ಒಳಗೇ ಉಂಟಾ, ಅದನ್ನು ನೋಡುದೇ ನಿಮ್ಮ ಕೆಲಸ. ಇದೂ ಅದೇ." ಹಾಗೆ ಹೋದವನು ಹನ್ನೊಂದು ವರ್ಷ ಬಾವುಟ ಹಿಡಿದೆ.

ಈಗ ಅವರ ಎಣಿಕೆಯ ಬಗ್ಗೆ ಹೇಳಬೇಕು. ಚೆಂಡಿನೊಂದಿಗೆ ಬಿದ್ದವರು ಕೂಡಲೇ ಚೆಂಡನ್ನು ಬಿಡಬೇಕು, ಬಿಡದಿದ್ದರೆ ಎದುರು ತಂಡಕ್ಕೆ ಪೆನಾಲ್ಟಿ. ಆ ಆಟದ ಅರ್ಧ ಜಗಳ ಇದರ ಮೇಲೆಯೇ ನಡೆಯುತ್ತದೆ. ಒಬ್ಬ ರೆಫ್ರಿ ಬಿದ್ದ ಕ್ಷಣವೇ ಊದುತ್ತಾನೆ, ಇನ್ನೊಬ್ಬ ಚಹಾ ಕುಡಿದು ಬರುವಷ್ಟು ಹೊತ್ತು ಬಿಡುತ್ತಾನೆ. "ಕೂಡ್ಲೇ ಅಂದ್ರೆ ಎಷ್ಟು ಹೊತ್ತು?" ಎಂದು ಇವರು ಕೇಳುತ್ತಿದ್ದರು. "ನಮ್ಮ ಆಫೀಸಿನಲ್ಲಿ ಕೂಡ್ಲೇ ಅಂದ್ರೆ ನಾಲ್ಕು ದಿನ." ಅದಕ್ಕಾಗಿ ಅವರೊಂದು ಉಪಾಯ ಮಾಡಿಕೊಂಡಿದ್ದರು. ಆಟಗಾರ ಬಿದ್ದ ಕೂಡಲೇ ತುಳುವಿನಲ್ಲಿ ಗಟ್ಟಿಯಾಗಿ ಎಣಿಸುವುದು: ಒಂಜಿ, ರಡ್ಡ್, ಮೂಜಿ. ಮೂಜಿಗೆ ಚೆಂಡು ಕೈಯಲ್ಲೇ ಇದ್ದರೆ ಸೀಟಿ. ಬಿದ್ದವರು ಯಾರೇ ಇರಲಿ, ಮೂಜಿ ಎಂದರೆ ಮೂಜಿ.

ಕಲ್ಯಾಣದಿಂದ ಖಾರ್ಘರ್ ತನಕ ರಗ್ಬಿ ಆಡುವ ಮರಾಠಿ, ಸಿಂಧಿ, ಭೋಜಪುರಿ ಮಕ್ಕಳೆಲ್ಲ ಹೀಗೆ ತುಳುವಿನಲ್ಲಿ ಮೂರರವರೆಗೆ ಎಣಿಸಲು ಕಲಿತರು. ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಕೆಟ್ಟು ನಿಂತ ಆಟೋ ಒಂದನ್ನು ನಾಲ್ಕು ಹುಡುಗಿಯರು "ಒಂಜಿ, ರಡ್ಡ್, ಮೂಜಿ" ಎಂದು ತಳ್ಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ನನ್ನ ಮಗನಿಗೆ ಈ ವಿಷಯ ಹೇಳಿದೆ. ಅವನು ನಕ್ಕು ಮೊಬೈಲ್ ನೋಡತೊಡಗಿದ.

ಆಮೇಲೆ ಆ ಕಾಯಿಲೆ ಬಂತು, ಎಲ್ಲ ಮುಚ್ಚಿತು. ಒಬ್ಬರನ್ನೊಬ್ಬರು ಮುಟ್ಟಬಾರದ ಕಾಲದಲ್ಲಿ ಒಬ್ಬರನ್ನೊಬ್ಬರು ತಬ್ಬಿ ಕೆಡವುವ ಆಟಕ್ಕೆ ಯಾರು ಒಪ್ಪಿಗೆ ಕೊಡುತ್ತಾರೆ? ಬೇರೆ ಆಟಗಳು ಒಂದೊಂದಾಗಿ ಸುರುವಾದ ಮೇಲೂ ನಮ್ಮದು ನಿಂತೇ ಇತ್ತು. ಇವರು ಕಟ್ಟಡದ ಟೆರೇಸಿನಲ್ಲಿ ಒಬ್ಬರೇ ಓಡಿ ಅಭ್ಯಾಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿಂದ ಜೋರಾಗಿ ಸೀಟಿ ಊದಿದರು. ಕೆಳಗೆ ತರಕಾರಿ ಗಾಡಿಯ ಮುಂದೆ ಸಾಲು ನಿಂತವರು ಪೊಲೀಸರು ಬಂದರೆಂದು ಚೀಲ ಬಿಟ್ಟು ಓಡಿದರು. ಇವರು ನಾಲ್ಕು ಮಹಡಿ ಇಳಿದು, ಎಲ್ಲರನ್ನೂ ಕರೆದು, ಕ್ಷಮೆ ಕೇಳಿ, ಯಾರು ಯಾರ ಹಿಂದೆ ನಿಂತಿದ್ದರೆಂದು ವಿಚಾರಿಸಿ ಸಾಲನ್ನು ಮೊದಲಿದ್ದ ಹಾಗೆಯೇ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಗಾಡಿಯವನು ಹೋಗಿಯಾಗಿತ್ತು.

ಎರಡನೆಯ ವರ್ಷ ಅವರಿಗೂ ಅದು ತಗಲಿತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಉಸಿರಿನ ವ್ಯಾಯಾಮಕ್ಕೆಂದು ಡಾಕ್ಟರು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಿದ್ದರು. ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಮೇಲೇರಬೇಕು. ನಾನು ನೋಡಲು ಹೋದಾಗ ಅವರಿಗೆ ಎರಡು ಏಳುತ್ತಿದ್ದವು, ಮೂರನೆಯದು ಅಲುಗಾಡುತ್ತಿರಲಿಲ್ಲ. "ಒಂದೇ ಉಸಿರು, ಒಂದೇ ಡಬ್ಬಿ. ಇದೊಂದಕ್ಕೆ ಬೇರೆ ನ್ಯಾಯ ಯಾಕೆ ಅಂತ?" ಎಂದು ಆ ಚೆಂಡಿನ ಮೇಲೆ ಸಿಟ್ಟು ಮಾಡಿಕೊಂಡಿದ್ದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಅಂತೂ ಎರಡು ವರ್ಷದ ಮೇಲೆ ಆಟ ಮರಳಿತು. ಐರೋಲಿಯ ಮೈದಾನದಲ್ಲಿ ಹುಡುಗಿಯರ ಮ್ಯಾಚು, ಒಂದೊಂದು ಕಡೆ ಏಳೇಳು ಜನ, ಏಳೇಳು ನಿಮಿಷದ ಎರಡು ಭಾಗ. ಒಂದು ತಂಡ ದಿವಾದ್ದು, ಇನ್ನೊಂದು ಖಾರ್ಘರದ್ದು. ಗೆದ್ದವರು ಪುಣೆಗೆ ಆಡಲು ಹೋಗುವುದೆಂದು ನಿಶ್ಚಯವಾಗಿತ್ತು. ದಿವಾ ತಂಡದ ಕ್ಯಾಪ್ಟನ್ ಪ್ರಾಜಕ್ತಾ, ನರ್ಸಿಂಗ್ ಓದುತ್ತಿದ್ದ ಹುಡುಗಿ. ಅವಳ ತಂಡದವರು ಈ ಎರಡು ವರ್ಷ ರೈಲ್ವೆ ಹಳಿಯ ಪಕ್ಕದ ಖಾಲಿ ಜಾಗದಲ್ಲಿ, ಇಬ್ಬಿಬ್ಬರಂತೆ, ಅಂತರ ಇಟ್ಟುಕೊಂಡು ಚೆಂಡೆಸೆಯುತ್ತಿದ್ದರು. ಪುಣೆ ಅವರಿಗೆ ಬಹಳ ಬೇಕಾಗಿತ್ತು.

ಮೊದಲ ಭಾಗದಲ್ಲಿ ದಿವಾದ ಹುಡುಗಿಯೊಬ್ಬಳು ಚೆಂಡಿನೊಂದಿಗೆ ಬಿದ್ದಳು. ಒಂಜಿ, ರಡ್ಡ್, ಮೂಜಿ, ಸೀಟಿ. ಖಾರ್ಘರಕ್ಕೆ ಪೆನಾಲ್ಟಿ. ಎಲ್ಲ ಎಂದಿನಂತೆ. ಎರಡನೆಯ ಭಾಗದ ಕೊನೆಯಲ್ಲಿ ದಿವಾ ಮುಂದಿತ್ತು. ಖಾರ್ಘರದ ಹುಡುಗಿ ದಿವಾದ ಗೋಲು ಗೆರೆಯಿಂದ ಐದು ಹೆಜ್ಜೆ ದೂರದಲ್ಲಿ ಬಿದ್ದಳು. ಪ್ರಾಜಕ್ತಾ ಬಗ್ಗಿ ಚೆಂಡಿಗೆ ಕೈ ಹಾಕಿದಳು, ಬಿದ್ದವಳು ಬಿಡಲಿಲ್ಲ. "ಒಂಜಿ," ಅಂದರು ಇವರು. ಆಮೇಲೆ ಬಾಯಿ ತೆರೆದು ಉಸಿರೆಳೆದುಕೊಂಡರು. "ರಡ್ಡ್." ಮತ್ತೊಂದು ಉಸಿರು. ಅಷ್ಟರಲ್ಲಿ ಖಾರ್ಘರದ ಇಬ್ಬರು ಓಡಿ ಬಂದು ಪ್ರಾಜಕ್ತಾಳನ್ನು ತಳ್ಳಿ, ಚೆಂಡು ಬಿಡಿಸಿಕೊಂಡು, ಗೆರೆಯಾಚೆ ನೆಲಕ್ಕೆ ಊರಿ ಅಂಕ ಗಳಿಸಿಬಿಟ್ಟರು. ದಿವಾ ಸೋತಿತು.

ಪ್ರಾಜಕ್ತಾ ಕೈ ಎತ್ತಿದಳು. "ಮೂಜಿ ನಹೀ ಹುವಾ ಥಾ," ಅಂದರು ಇವರು. ಮೂರು ಮುಗಿದಿರಲಿಲ್ಲವೆಂದು ಕೇಳಿ ಅವಳು ಕೈ ಇಳಿಸಿದಳು.

ಬರುವಾಗ ಗಾಡಿಯಲ್ಲಿ ಅವರು ಖುಷಿಯಾಗಿದ್ದರು. ಎರಡು ವರ್ಷದ ಮೇಲೂ ಎಣಿಕೆ ತಪ್ಪಲಿಲ್ಲ ನೋಡಿ ಎಂದರು. ತಪ್ಪಿತ್ತೆಂದು ನನಗೆ ಗೊತ್ತಿತ್ತು. ಹೇಳುವ ಧೈರ್ಯವಾಗದೆ "ಹೂಂನ್ರಿ" ಎಂದು ಕಿಟಕಿ ಕಡೆ ತಿರುಗಿದೆ.

ಮರುದಿನ ಯಾರೋ ಆಟದ ವಿಡಿಯೊ ಕಳಿಸಿದರು. ಊಟದ ಹೊತ್ತಿನಲ್ಲಿ ಅವರು ಅದನ್ನು ಸ್ಟೋರ್ಸಿನ ಕೌಂಟರಿನ ಮೇಲಿಟ್ಟು, ಡಬ್ಬಿ ಬಿಚ್ಚದೆ, ಕೈಗಡಿಯಾರ ಬಿಚ್ಚಿಟ್ಟುಕೊಂಡು ನೋಡಿದರು. ಮತ್ತೆ ಮತ್ತೆ ನೋಡಿದರು. ಮೊದಲ ಸಲ ಎಣಿಸಿದ್ದು ಮೂರು, ಎರಡನೆಯ ಸಲ ಎರಡೇ. ಆದರೆ ಆ ಎರಡು ಮೊದಲಿನ ಮೂರಕ್ಕಿಂತ ಉದ್ದವಿತ್ತು.

"ನಿಮಗೆ ನಿನ್ನೆಯೇ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ರಿ ಸರ."

"ಹೇಳ್ಬಹುದಿತ್ತು," ಅಂದರು ಅಷ್ಟೇ. ಅವತ್ತು ಅವರು ಊಟ ಮಾಡಲಿಲ್ಲ.

ಮ್ಯಾಚು ಮತ್ತೆ ಆಡಿಸಿ ಎಂದು ಅವರು ಆಯೋಜಕರನ್ನು ಕೇಳಿದರು. ಸೀಟಿ ಊದಿದ ಮೇಲೆ ಫಲಿತಾಂಶ ಬದಲಾಗುವುದಿಲ್ಲ ಎಂದರು ಆಯೋಜಕರು. ಅವರ ಜಾಗದಲ್ಲಿ ಇವರೇ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು, ಹಾಗಾಗಿ ವಾದಿಸಲು ದಾರಿಯಿರಲಿಲ್ಲ. ಶನಿವಾರ ಸಂಜೆ ನನ್ನನ್ನು ಕರೆದುಕೊಂಡು ದಿವಾದಲ್ಲಿ ಇಳಿದರು. ಪ್ರಾಜಕ್ತಾಳ ಮನೆ ಮೂರನೆಯ ಮಹಡಿಯಲ್ಲಿ. ಪ್ರತಿ ಮಹಡಿಯಲ್ಲೂ ಅವರು ನಿಂತು, ಗೋಡೆಯ ಮೇಲಿನ ಹೆಸರಿನ ಫಲಕಗಳನ್ನು ಬಹಳ ಆಸಕ್ತಿಯಿಂದ ಓದಿದರು.

ಬಾಗಿಲು ತೆರೆದ ಅವಳ ತಾಯಿ, ಇಸ್ತ್ರಿ ಅಂಗಿಯ ಇಬ್ಬರು ಗಂಡಸರನ್ನು ಕಂಡು, ಗಂಡಿನ ಕಡೆಯವರೆಂದು ತಿಳಿದು ತಲೆ ಮೇಲೆ ಸೆರಗು ಎಳೆದುಕೊಂಡರು. ಮಗಳು ಇನ್ನೂ ಓದುತ್ತಿದ್ದಾಳೆ ಎಂದು ಶುರು ಮಾಡಿದರು. ಅವಲಕ್ಕಿ ಒಗ್ಗರಣೆಯ ಪೋಹೆ ಬಂತು. ಒಳಗಿನಿಂದ ಪ್ರಾಜಕ್ತಾ ಬಂದು, "ಆಯಿ, ಹೇ ರೆಫ್ರಿ ಆಹೇತ್," ಎಂದಳು. ತಾಯಿ ಪೋಹೆಯ ತಟ್ಟೆಯನ್ನು ವಾಪಸು ತೆಗೆದುಕೊಳ್ಳಲು ಹೊರಟದ್ದನ್ನು ನಾನು ನೋಡಿದೆ. ಮಗಳನ್ನು ಪುಣೆಗೆ ಹೋಗದ ಹಾಗೆ ಮಾಡಿದವರು ಇವರೇ ಎಂದು ಅವರಿಗೂ ಗೊತ್ತಿತ್ತು.

ಇವರು ಎದ್ದು ನಿಂತು ತಮ್ಮ ಮುರುಕು ಹಿಂದಿಯಲ್ಲಿ, ಮೊದಲ ಭಾಗದಲ್ಲಿ ಹೀಗೆ, ಎರಡನೆಯ ಭಾಗದಲ್ಲಿ ಹೀಗೆ, ತಪ್ಪು ನನ್ನದು ಎಂದು ಹೇಳಿದರು.

"ಛೋಡೋ ನಾ ಸರ್, ಹೋತಾ ಹೈ," ಅಂದಳು ಹುಡುಗಿ. "ಹಮ್ ಭೀ ಸಾಥ್ ಮೇ ಗಿನ್ ರಹೇ ಥೇ. ಆಪ್ ಅಟಕ್ ಗಯೇ ಥೇ."

ಹುಡುಗಿಯರೂ ಜೊತೆಗೇ ಎಣಿಸುತ್ತಿದ್ದರು, ತಾವು ನಡುವೆ ತಡೆದದ್ದು ಅವರಿಗೆ ಗೊತ್ತಿತ್ತು ಎಂಬುದು ಇವರಿಗೆ ಬೈಗಳಿಗಿಂತ ಕೆಟ್ಟದಾಗಿ ತಾಗಿತು. ಕ್ಷಮೆ ಬೇಡ ಎಂದರು. ಆಟಗಾರರು ತಪ್ಪು ಮಾಡಿದರೆ ನಾನು ಹೊರಗೆ ಕಳಿಸುತ್ತೇನೆ, ನನ್ನ ತಪ್ಪಿಗೆ ಪೋಹೆ ಕೊಟ್ಟು ಕಳಿಸಿದರೆ ನನಗೊಂದು ನಿಯಮ ನಿಮಗೊಂದು ನಿಯಮ ಆಯಿತಲ್ಲ, ಇವತ್ತಿನಿಂದ ನಾನು ಊದುವುದಿಲ್ಲ ಎಂದರು. ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಆಮೇಲೆ ಯೋಚಿಸಿ ಒಂದು ಮಾತು ಹೇಳಿದಳು. ಒಂದು ತಿಂಗಳು ಬಿಟ್ಟು ಠಾಕುರ್ಲಿಯ ಮೈದಾನದಲ್ಲಿ ತಮ್ಮ ಅಭ್ಯಾಸದ ಆಟಕ್ಕೆ ಸರ್ ರೆಫ್ರಿ ಆಗಬೇಕು. ತಾನು ಹೊರಗೆ ಕೂತು ಮೊದಲ ಎಣಿಕೆ, ಕೊನೆಯ ಎಣಿಕೆ ಎರಡನ್ನೂ ಮೊಬೈಲಿನಲ್ಲಿ ಅಳೆಯುವುದು. ಎರಡೂ ಒಂದೇ ಇದ್ದರೆ ಸರ್ ಮೊದಲಿನಂತೆ ಊದಬೇಕು. ಇಲ್ಲದಿದ್ದರೆ ಅವರಿಷ್ಟ.

ಇದು ನ್ಯಾಯ ಎಂದು ಇವರಿಗನ್ನಿಸಿತು. ಪೋಹೆ ಪೂರ್ತಿ ತಿಂದರು.

ಆ ತಿಂಗಳು ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಕುರ್ಲಿಗೆ ಓಡಿದರು. ಓಡಿದರು ಅನ್ನುವುದು ದೊಡ್ಡ ಮಾತು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಹಾಲಿನವರು, ಪೇಪರಿನವರು ಇವರ ಒಂಜಿ ರಡ್ಡ್ ಕೇಳಿ ದಾರಿ ಬಿಡುತ್ತಿದ್ದರು. ಉಸಿರಿನ ಡಬ್ಬಿಯ ಮೂರನೆಯ ಚೆಂಡು ಒಂದು ದಿನ ಅರ್ಧದವರೆಗೆ ಎದ್ದಿತು ಎಂದು ಆಫೀಸಿನಲ್ಲಿ ಪೇಢಾ ಹಂಚಿದರು.

ಆಟದ ಹಿಂದಿನ ದಿನ ಅಕ್ಕ ಫೋನ್ ಮಾಡಿದರು. "ನಾಳೆ ನೀವು ಅಲ್ಲಿ ಇರ್ತೀರಲ್ಲ. ಅವ್ರು ನಿಮ್ಮ ಹತ್ರ ಕೇಳ್ತಾರೆ, ನನಗೆ ಗೊತ್ತುಂಟು. ಸಮ ಉಂಟು ಅಂತ ಹೇಳ್ಬಿಡಿ."

"ಅಲ್ರಿ ಅಕ್ಕಾರ, ಅವರ ಆರೋಗ್ಯ..."

"ಮೈದಾನ ಇಲ್ಲಾಂದ್ರೆ ಆ ಸೀಟಿ ನನ್ನ ಅಡಿಗೆಮನೆಗೆ ಬರ್ತದೆ," ಅಂದರು ಅಕ್ಕ. ಆಮೇಲೆ, "ಅವರಿಗೆ ಬೇರೆ ಎಂತ ಉಂಟು ಹೇಳಿ," ಅಂದರು. ನಾನು ಆಯಿತು ಎಂದೆ.

ಭಾನುವಾರ ಬೆಳಿಗ್ಗೆ ಠಾಕುರ್ಲಿಯಲ್ಲಿ ಆಟ ನಡೆಯಿತು. ಅಕ್ಕ ಥರ್ಮಾಸಿನಲ್ಲಿ ಚಹಾ ತುಂಬಿಸಿಕೊಂಡು ಬಂದು ಗೆರೆಯ ಪಕ್ಕ ಕೂತಿದ್ದರು. ಮೊದಲ ಎಣಿಕೆ ಚೊಕ್ಕಟವಾಗಿ ಬಂತು. ಕೊನೆಯ ನಿಮಿಷದಲ್ಲಿ ಒಬ್ಬಳು ಬಿದ್ದಳು, ಇವರು ಅಲ್ಲಿಗೆ ಓಡಿ ತಲುಪಿ ಎಣಿಸಿದರು, ಊದಿದರು. ಆಟ ಮುಗಿಯಿತು. ಪ್ರಾಜಕ್ತಾ ಮೊಬೈಲ್ ನೋಡಿದಳು. ಆಮೇಲೆ ಗೆಳತಿಯರ ಮುಖ ನೋಡಿದಳು.

"ಬರಾಬರ್ ಹೈ ಸರ್. ದೋನೋ ಏಕ್ದಮ್ ಬರಾಬರ್."

"ಬರಾಬರ್, ಬರಾಬರ್," ಅಂದರು ಎಲ್ಲರೂ. ಆ ಹುಡುಗಿಯರು ಒಂದು ವಿಷಯಕ್ಕೆ ಒಟ್ಟಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರು ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತಿದ್ದರು. ಮುಖ ಅರಳಿತ್ತು. ಮಾತಾಡಲು ಉಸಿರು ಬರುವವರೆಗೆ ಕಾದು, ನನ್ನ ಕಡೆ ತಿರುಗಿದರು.

"ನೀವು ಹೇಳಿ ಮಾರಾಯ್ರೆ."

ನಾನು ಗಡಿಯಾರ ನೋಡಿರಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಹನ್ನೊಂದು ವರ್ಷ ಗೆರೆಯ ಪಕ್ಕ ನಿಂತು ಅವರ ಜೊತೆ ಬಾಯೊಳಗೇ ಎಣಿಸಿದವನು ನಾನು. ಕೊನೆಯ ಸಲ ನನ್ನ ಮೂಜಿ ಮುಗಿದಾಗ ಅವರು ಇನ್ನೂ ರಡ್ಡ್‌ನಲ್ಲಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಸಮ ಎಂದರೆ ಸಾಕಿತ್ತು. ಹುಡುಗಿಯರು ಹೇಳಿದ್ದನ್ನು ಅವರು ನಂಬಿರಲಿಲ್ಲ, ನಾನು ಹೇಳಿದರೆ ನಂಬುತ್ತಿದ್ದರು. ಅದೇ ನನಗೆ ಕಷ್ಟವಾಯಿತು.

"ಉದ್ದ ಆತ್ರಿ ಸರ," ಅಂದೆ.

ಅವರು ನೆಟ್ಟಗೆ ನಿಂತರು. ಸೀಟಿ ಬಾಯಿಗಿಟ್ಟು ಚಿಕ್ಕದಾಗಿ ಊದಿ, ಬಲಗೈ ಮೇಲೆತ್ತಿ ಪ್ರಾಜಕ್ತಾಳ ಕಡೆ ಚಾಚಿದರು. ತಮ್ಮ ವಿರುದ್ಧ ತಾವೇ ಪೆನಾಲ್ಟಿ ಕೊಟ್ಟಿದ್ದರು. ಇಬ್ಬರು ಹುಡುಗಿಯರಿಗೆ ನಗು ಬಂತು. ಪ್ರಾಜಕ್ತಾ ಮಾತ್ರ ಚೆಂಡು ಹಿಡಿದುಕೊಂಡು ನಿಂತಲ್ಲೇ ಅತ್ತಳು, "ತುಮ್ ಭೀ ನಾ, ಅಂಕಲ್," ಎಂದು ನನ್ನನ್ನು ಬೈದಳು. ಅಕ್ಕ ಎಲ್ಲರಿಗೂ ಚಹಾ ಕೊಟ್ಟರು. ನನಗೂ ಕೊಟ್ಟರು, ಮುಖ ನೋಡದೆ.

ಠಾಕುರ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ನಾವು ಮೂವರೂ ಕೂತಿದ್ದೆವು. ಗಾಡಿ ಬರುವ ಹೊತ್ತಿಗೆ ಅವರು, "ಇವತ್ತು ನೀವು ಸರಿಯಾದ ಜಾಗದಲ್ಲಿ ನಿಂತಿದ್ರಿ," ಅಂದರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನಗೆ ಆ ಹೊಗಳಿಕೆ ಬೇಕಿರಲಿಲ್ಲ. ಮುಂದಿನ ಭಾನುವಾರವೂ ಅವರು ಮೈದಾನಕ್ಕೆ ಇಳಿಯುವುದು ಬೇಕಿತ್ತು. ಲೋಕಲ್ ಬಂದು ನಿಂತಿತು. ಹತ್ತುವಾಗ ನಾನು ಅವರ ತೋಳು ಹಿಡಿದುಕೊಂಡೆ. ಅವರು ಬೇಡ ಅನ್ನಲಿಲ್ಲ.